ರೇಬೀಸ್ ಲಸಿಕೆಯ ಪೊಟೆನ್ಸಿ ಪರೀಕ್ಷೆ: ಇಲಿಗಳನ್ನು ಬಿಟ್ಟು ಎಲೈಸಾಗೆ ಹೋಗಲು ಸಮಗ್ರ ಮಾರ್ಗದರ್ಶಿ

ಮನುಷ್ಯರಿಗೆ ಕೊಡುವ ರೇಬೀಸ್ ಲಸಿಕೆಯ ಒಂದು ಬ್ಯಾಚ್‌ನಲ್ಲಿ ಕಸುವಿದೆಯೇ (ಇದನ್ನೇ ಪೊಟೆನ್ಸಿ ಎನ್ನುತ್ತಾರೆ) ಎಂದು ತಿಳಿಯಲು ಇಂದಿಗೂ ಬಹಳಷ್ಟು ಕಡೆ ನೂರಕ್ಕೂ ಹೆಚ್ಚು ಇಲಿಗಳನ್ನು ಬಳಸುತ್ತಾರೆ. ಅದಕ್ಕೆ ಬದಲಿ ವಿಧಾನ ಬಂದಾಗಿದೆ. ಲಸಿಕೆಯಲ್ಲಿರುವ ಜಿ ಗ್ಲೈಕೋಪ್ರೋಟೀನನ್ನು, ಅಂದರೆ ವೈರಸ್ಸಿನ ಮೇಲ್ಮೈಯ ಪ್ರೋಟೀನನ್ನು, ಎಲೈಸಾ (ಪ್ರತಿಕಾಯದಿಂದ ಹಿಡಿದು ಬಣ್ಣದಿಂದ ಅಳೆಯುವ ಪರೀಕ್ಷೆ) ಪ್ಲೇಟಿನಲ್ಲಿ ನೇರವಾಗಿ ಅಳೆಯುವುದೇ ಆ ವಿಧಾನ. ಕಷ್ಟವಿರುವುದು ಎಲೈಸಾ ಮಾಡುವುದರಲ್ಲಲ್ಲ. ಇಲಿ ಪರೀಕ್ಷೆಯ ಜಾಗದಲ್ಲಿ ಅದನ್ನು ಕೂರಿಸಿ, ನಿಯಂತ್ರಣ ಪ್ರಾಧಿಕಾರ ಒಪ್ಪುವಂತೆ ದಾಖಲೆ ಕಟ್ಟುವುದರಲ್ಲಿ ಕೆಲಸ ಸಿಕ್ಕಿಕೊಳ್ಳುತ್ತದೆ. ಗುಣಮಟ್ಟ ನಿಯಂತ್ರಣ ಲ್ಯಾಬಿನವರು, ರೆಗ್ಯುಲೇಟರಿ ವಿಭಾಗದವರು ಮತ್ತು ಈ ಕ್ಷೇತ್ರಕ್ಕೆ ಬರಲಿರುವ ವಿದ್ಯಾರ್ಥಿಗಳು ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ವಿವರಿಸಿದೆ. ಮಾತು ಮಾನವ ಲಸಿಕೆಗೆ ಮಾತ್ರ ಸಂಬಂಧಿಸಿದ್ದು. ಅಲ್ಯೂಮಿನಿಯಂ ಸೇರಿಸಿದ ಪಶು ಲಸಿಕೆಗಳಲ್ಲಿ ಪ್ರತಿಜನಕ (ರೋಗನಿರೋಧಕ ವ್ಯವಸ್ಥೆ ಗುರುತಿಸುವ ಭಾಗ) ಅಲ್ಯೂಮಿನಿಯಂಗೆ ಅಂಟಿಕೊಂಡಿರುವುದರಿಂದ ಅವುಗಳ ದಾರಿ ಬೇರೆ.

ಇಲಿ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎನ್‌ಐಎಚ್ ಪರೀಕ್ಷೆ ಎಂದು ಕರೆಯುವ ಈ ವಿಧಾನದಲ್ಲಿ ಲಸಿಕೆಯ ಐದೈದು ಪಟ್ಟಿನ ಡೈಲ್ಯೂಷನ್‌ಗಳನ್ನು ಮಾಡಿ, ಒಂದೊಂದನ್ನೂ ಒಂದೊಂದು ಗುಂಪಿನ ಇಲಿಗಳ ಹೊಟ್ಟೆಯೊಳಗೆ 0.5 ಮಿ.ಲೀ.ನಂತೆ ಚುಚ್ಚುತ್ತಾರೆ. 7ನೇ ದಿನ ಮತ್ತೊಮ್ಮೆ. 14ನೇ ದಿನ ಸಿವಿಎಸ್ ಎಂಬ ಜೀವಂತ ರೇಬೀಸ್ ವೈರಸ್ಸನ್ನು 0.03 ಮಿ.ಲೀ. ಪ್ರಮಾಣದಲ್ಲಿ ನೇರವಾಗಿ ಮೆದುಳಿಗೆ ಕೊಡುತ್ತಾರೆ. ಮುಂದಿನ 14 ದಿನ ಯಾವುದು ಉಳಿಯಿತು, ಯಾವುದು ಸತ್ತಿತು ಎಂದು ಬರೆದುಕೊಳ್ಳುತ್ತಾರೆ. ಮೊದಲ 4 ದಿನಗಳಲ್ಲಿ ಸತ್ತವು ಸೂಜಿಯ ಗಾಯದಿಂದ ಸತ್ತವೆಂದು ಲೆಕ್ಕದಿಂದ ಹೊರಗೆ. ಅರ್ಧದಷ್ಟು ಇಲಿಗಳನ್ನು ಉಳಿಸಿದ ಡೈಲ್ಯೂಷನ್ ಯಾವುದು ಎಂದು ನೋಡಿ, ಅದನ್ನು ಕಸುವು ಮೊದಲೇ ಗೊತ್ತಿರುವ ರೆಫರೆನ್ಸ್ ಲಸಿಕೆಯೊಂದಿಗೆ ಹೋಲಿಸಿ ಐಯು (ಅಂತರರಾಷ್ಟ್ರೀಯ ಮಾನ) ಅಂಕಿ ಕೊಡುತ್ತಾರೆ. ಒಂದು ಡೋಸ್‌ಗೆ ಕನಿಷ್ಠ 2.5 ಐಯು ಇರಬೇಕು.

ಪ್ರತಿ ಡೈಲ್ಯೂಷನ್‌ಗೆ 16 ಇಲಿ, 3 ಡೈಲ್ಯೂಷನ್ ಎಂದು ಹಿಡಿದರೆ ಲಸಿಕೆಗೆ 48, ರೆಫರೆನ್ಸ್‌ಗೆ 48. ಚಾಲೆಂಜ್ ವೈರಸ್ಸಿನ, ಅಂದರೆ ಮೆದುಳಿಗೆ ಕೊಡುವ ಆ ಜೀವಂತ ವೈರಸ್ಸಿನ, ಬಲ ನೋಡಲು ಹತ್ತರಂತೆ ನಾಲ್ಕು ಗುಂಪು, ಅಂದರೆ ಇನ್ನೂ 40. ಒಟ್ಟು 136. ಪರೀಕ್ಷೆ ಅಸಿಂಧುವಾದರೆ ಮತ್ತೆ ಅಷ್ಟೇ ಇಲಿ, ಮತ್ತೆ 28 ದಿನ.

ಇಷ್ಟಾದ ಮೇಲೆ ಸಿಗುವ ಅಂಕಿ ಎಷ್ಟು ನಂಬಲರ್ಹ? ಯುರೋಪಿಯನ್ ಫಾರ್ಮಾಕೋಪಿಯಾ (ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥ) ಒಪ್ಪುವ ವಿಶ್ವಾಸ ಮಿತಿ ಅಂದಾಜಿಸಿದ ಪೊಟೆನ್ಸಿಯ ಶೇ. 25ರಿಂದ ಶೇ. 400ರವರೆಗೆ ಹರಡಿರಬಹುದು. ಅಂದರೆ ಫಲಿತಾಂಶ 4 ಐಯು ಎಂದು ಬಂದರೆ ನಿಜವಾದ ಪೊಟೆನ್ಸಿ 1 ಐಯು ಇರಬಹುದು, 16 ಐಯು ಕೂಡ ಇರಬಹುದು, ಪರೀಕ್ಷೆ ಮಾತ್ರ ಸಿಂಧು. ಭಾರತದ ಮಟ್ಟಿಗೆ ಇದು ಬರೀ ಅಂಕಿಸಂಖ್ಯೆಯ ತಕರಾರಲ್ಲ. 2006ರಿಂದ ನಮ್ಮಲ್ಲಿ ಚರ್ಮದೊಳಗೆ ಒಂದೊಂದು ಜಾಗಕ್ಕೆ 0.1 ಮಿ.ಲೀ.ನಂತೆ ಕೊಡಲು ಅನುಮತಿಯಿದೆ. ಒಂದೇ ವಯಲನ್ನು ಹಲವರು ಹಂಚಿಕೊಳ್ಳುವಾಗ ಅದರಲ್ಲಿ ನಿಜಕ್ಕೂ ಎಷ್ಟಿದೆ ಎಂಬುದು ಮುಖ್ಯವಾಗುತ್ತದೆ.

ಈ ಪರೀಕ್ಷೆ ಹುಟ್ಟಿದ್ದು ಮೆದುಳಿನ ಅಂಗಾಂಶದಿಂದ ಲಸಿಕೆ ಮಾಡುತ್ತಿದ್ದ ಕಾಲದಲ್ಲಿ. 1911ರಲ್ಲಿ ಕಸೌಲಿಯಲ್ಲಿ ರೂಪುಗೊಂಡ ಸೆಂಪಲ್ ಲಸಿಕೆಯನ್ನು ಭಾರತ 2004ರ ಕೊನೆಯವರೆಗೂ ಬಳಸಿತು. ಕುರಿಯ ಮೆದುಳಿನ ಆ ದ್ರಾವಣದಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ಸಾಧ್ಯತೆಯೇ ಇರಲಿಲ್ಲ, ಇಲಿಯನ್ನು ಕೇಳದೆ ಗತಿಯಿರಲಿಲ್ಲ. ವೀರೋ ಕೋಶದಲ್ಲೋ ಕೋಳಿ ಭ್ರೂಣದ ಕೋಶದಲ್ಲೋ ಬೆಳೆಸಿ ಶುದ್ಧೀಕರಿಸಿದ ಇಂದಿನ ಲಸಿಕೆಗೆ ಆ ಅನಿವಾರ್ಯವಿಲ್ಲ.

ಹೆಜ್ಜೆ 1: ಎಲೈಸಾಗೆ ಕೈಹಾಕುವ ಮುನ್ನ ಪಟ್ಟಿ ಮಾಡಿ

ನಿಮ್ಮ ಉತ್ಪನ್ನದ ಸೀಡ್ ವೈರಸ್ಸಿನಿಂದ (ಉತ್ಪಾದನೆ ಶುರುವಾಗುವ ಮೂಲ ವೈರಸ್) ಹಿಡಿದು ಕೊನೆಯ ವಯಲ್‌ವರೆಗೆ ಪ್ರಾಣಿ ಬಳಸುವ ಪರೀಕ್ಷೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಪಕ್ಕ ಮೂರು ಸಂಗತಿ ಇರಲಿ: ಯಾವ ಪ್ರಶ್ನೆಗೆ ಉತ್ತರ ಹುಡುಕಲು ಇದನ್ನು ಮಾಡುತ್ತೇವೆ, ಯಾವ ದಾಖಲೆ ಇದನ್ನು ಕೇಳುತ್ತದೆ, ಕಳೆದ ಹತ್ತು ವರ್ಷಗಳಲ್ಲಿ ಇದರಿಂದಾಗಿ ಎಷ್ಟು ಬ್ಯಾಚ್ ತಿರಸ್ಕೃತವಾಯಿತು. ಮೂರನೆಯದನ್ನು ತುಂಬಲು ಹಳೆಯ ಲೆಡ್ಜರ್ ತೆಗೆಯಬೇಕಾಗುತ್ತದೆ. ಮುಂದೆ ಪ್ರಾಧಿಕಾರದ ಮುಂದೆ ನಿಂತಾಗ ಹೆಚ್ಚು ಉಪಯೋಗಕ್ಕೆ ಬರುವ ಅಂಕಣ ಅದೇ.

ಹೀಗೆ ಪಟ್ಟಿ ಮಾಡಿದಾಗ ಕೆಲವು ಪರೀಕ್ಷೆಗಳಿಗೆ ಬದಲಿಯೇ ಬೇಡ, ಅಳಿಸಿದರೆ ಸಾಕು ಎಂಬುದು ಗೊತ್ತಾಗುತ್ತದೆ. ಅಬ್ನಾರ್ಮಲ್ ಟಾಕ್ಸಿಸಿಟಿ ಪರೀಕ್ಷೆ ಅಂಥದ್ದು. ಇಲಿಗೂ ಗಿನಿಪಿಗ್‌ಗೂ ಲಸಿಕೆ ಚುಚ್ಚಿ ಏಳು ದಿನ ಬದುಕಿದವೇ ಎಂದು ನೋಡುವುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಅಮೆರಿಕದ ಎಫ್‌ಡಿಎ 2015ರಲ್ಲಿ ಇದನ್ನು ನಿಯಮದಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿ 2018ರಲ್ಲಿ ಕೈಬಿಡಲು ಶಿಫಾರಸು ಮಾಡಿತು. ಯುರೋಪಿಯನ್ ಫಾರ್ಮಾಕೋಪಿಯಾದಲ್ಲಿ 2019ರ ಜನವರಿಯಿಂದ ಅದು ಇಲ್ಲ. ಇಂಡಿಯನ್ ಫಾರ್ಮಾಕೋಪಿಯಾ 2018ರಲ್ಲಿ ಲಸಿಕೆಗಳಿಗೆ ವಿನಾಯಿತಿ ಪಡೆಯುವ ದಾರಿ ತೆರೆಯಿತು. ಇದನ್ನು ಇನ್ನೂ ಮಾಡುತ್ತಿದ್ದರೆ ಮೊದಲ ಅರ್ಜಿ ಇದರದ್ದೇ ಆಗಲಿ. ಕೆಲಸ ಕಡಿಮೆ, ಪ್ರಾಧಿಕಾರದೊಂದಿಗೆ ಮಾತುಕತೆಯೂ ಶುರುವಾಗುತ್ತದೆ.

ಮೊಲದ ಪೈರೋಜನ್ (ಜ್ವರ ತರಿಸುವ ವಸ್ತು) ಪರೀಕ್ಷೆ ಎರಡನೆಯದು. ಯುರೋಪಿಯನ್ ಫಾರ್ಮಾಕೋಪಿಯಾ ಇದನ್ನು 57 ಪಠ್ಯಗಳಿಂದ ತೆಗೆದಿದ್ದು, 2025ರ ಜುಲೈ 1ರಿಂದ ಜಾರಿಯಾಗಿದೆ. ಅದರ ಬದಲು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ಪೈರೋಜನ್) ಪರೀಕ್ಷೆ, ಜೊತೆಗೆ ಎಂಡೋಟಾಕ್ಸಿನ್ ಅಲ್ಲದ ಪೈರೋಜನ್‌ಗಳ ಅಪಾಯಕ್ಕೆ ಮಾನವ ರಕ್ತಕೋಶ ಬಳಸುವ ಮೊನೊಸೈಟ್ ಆಕ್ಟಿವೇಷನ್ ಪರೀಕ್ಷೆ. ಎಂಡೋಟಾಕ್ಸಿನ್‌ಗೆ ಲಾಳದೇಡಿಯ ರಕ್ತದ ಎಲ್‌ಎಎಲ್ ಬೇಕೇಬೇಕೆಂದಿಲ್ಲ. ಏಡಿಯ ರಕ್ತವಿಲ್ಲದೆ ಲ್ಯಾಬಿನಲ್ಲಿ ತಯಾರಿಸುವ ರಿಕಾಂಬಿನೆಂಟ್ ಫ್ಯಾಕ್ಟರ್ ಸಿ 2021ರಿಂದ ಆ ಫಾರ್ಮಾಕೋಪಿಯಾದಲ್ಲಿದೆ. ಮೊಲವನ್ನು ಉಳಿಸಲು ಹೋಗಿ ಏಡಿಯ ರಕ್ತಕ್ಕೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ.

ವೈರಸ್ ಪೂರ್ತಿ ನಿಷ್ಕ್ರಿಯವಾಗಿದೆಯೇ ಎಂದು ನೋಡಲು ಮರಿ ಇಲಿಯ ಮೆದುಳಿಗೆ ಚುಚ್ಚುತ್ತಿದ್ದ ಪದ್ಧತಿಯೂ ಹೋಗಬೇಕು. ಕನಿಷ್ಠ 25 ಮಾನವ ಡೋಸ್‌ಗೆ ಸಮನಾದ ಪ್ರಮಾಣವನ್ನು ಉತ್ಪಾದನೆಗೆ ಬಳಸಿದ ಬಗೆಯದೇ ಕೋಶಗಳ ಮೇಲೆ ಹಾಕಿ, 21 ದಿನ ಬೆಳೆಸಿ ಇಮ್ಯುನೋಫ್ಲೋರೆಸೆನ್ಸ್‌ನಿಂದ ನೋಡುವ ವಿಧಾನ ಹೆಚ್ಚು ಸೂಕ್ಷ್ಮ.

ಇವೆಲ್ಲ ಕಳೆದ ಮೇಲೆ ಹಾಳೆಯಲ್ಲಿ ಉಳಿಯುವ ದೊಡ್ಡ ಸಾಲು ಪೊಟೆನ್ಸಿ.

ಹೆಜ್ಜೆ 2: ಬದಲಾವಣೆ ಮುಗಿಯುವ ತನಕ ಇಲಿಗಳ ಸಂಖ್ಯೆ ಮತ್ತು ನೋವು ತಗ್ಗಿಸಿ

ಅನುಮತಿ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮಾಡಬಹುದಾದದ್ದು ಬಹಳ. ಒಂದೇ ರೆಫರೆನ್ಸ್ ಗುಂಪು ಮತ್ತು ಒಂದೇ ಚಾಲೆಂಜ್ ಗುಂಪಿನ ಜೊತೆ ಎರಡು ಮೂರು ಬ್ಯಾಚ್‌ಗಳನ್ನು ಸೇರಿಸಿ ಓಡಿಸಿ. ಮೇಲಿನ ಲೆಕ್ಕದಲ್ಲೇ ಮೂರು ಬ್ಯಾಚ್‌ಗೆ ಬಿಡಿಬಿಡಿಯಾಗಿ 408 ಇಲಿ ಬೇಕು, ಒಟ್ಟಿಗೆ ಮಾಡಿದರೆ 232 ಸಾಕು. ಮೆದುಳಿಗೆ ಚುಚ್ಚುವಾಗ ಐಸೊಫ್ಲೂರೇನ್ ಅರಿವಳಿಕೆ ಕೊಡಿ. ಸಾವಿನವರೆಗೆ ಕಾಯಬೇಡಿ. ರೋಮ ಕೆದರುವುದು, ಬೆನ್ನು ಗೂನಾಗುವುದು, ಸುತ್ತುಸುತ್ತು ನಡೆಯುವುದು, ನಡುಕ ಮತ್ತು ಸೆಳೆತ, ಪಾರ್ಶ್ವವಾಯು ಎಂಬ ಕ್ರಮದಲ್ಲಿ ರೇಬೀಸ್ ಮುಂದುವರಿಯುತ್ತದೆ. ಸೆಳೆತ ಅಥವಾ ಪಾರ್ಶ್ವವಾಯು ಕಂಡ ಇಲಿ ಮತ್ತೆ ಚೇತರಿಸಿಕೊಳ್ಳುವುದಿಲ್ಲವೆಂದು ನಿಮ್ಮದೇ ಹಳೆಯ ದಾಖಲೆಯಿಂದ ತೋರಿಸಿ, ಆ ಹಂತದಲ್ಲೇ ದಯಾಮರಣ ಕೊಟ್ಟು ಅದನ್ನು ಸಾವೆಂದು ಲೆಕ್ಕ ಹಿಡಿಯುವ ನಿಯಮವನ್ನು ಲ್ಯಾಬಿನ ಲಿಖಿತ ಕಾರ್ಯವಿಧಾನವಾದ ಎಸ್‌ಒಪಿಯಲ್ಲಿ ಬರೆಯಿರಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ಎಡವುವುದು ತಪಾಸಣೆಯ ಹೊತ್ತಿನಲ್ಲಿ: ದಿನಕ್ಕೊಮ್ಮೆ ಮಾತ್ರ ನೋಡಿದರೆ ರಾತ್ರಿಯೇ ಇಲಿ ಸತ್ತಿರುತ್ತದೆ, ನಿಯಮ ಕಾಗದದಲ್ಲಿ ಉಳಿಯುತ್ತದೆ. 5ನೇ ದಿನದಿಂದ ಕನಿಷ್ಠ ಎರಡು ಸುತ್ತು ತಪಾಸಣೆ, ಭಾನುವಾರವೂ ಸೇರಿ.

ಹೆಜ್ಜೆ 3: ಸರಿಯಾದ ಮಾನೋಕ್ಲೋನಲ್ ಜೋಡಿ ಆರಿಸಿ

ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಮಾನೋಕ್ಲೋನಲ್ ಎಂದರೆ ಒಂದೇ ತಾಣವನ್ನು ಹಿಡಿಯುವ ಒಂದೇ ಬಗೆಯ ಪ್ರತಿಕಾಯ; ಹಲವು ಬಗೆ ಬೆರೆತದ್ದು ಪಾಲಿಕ್ಲೋನಲ್. ರೇಬೀಸ್ ವೈರಸ್ಸಿನ ಮೇಲ್ಮೈಯಲ್ಲಿ ಜಿ ಪ್ರೋಟೀನ್ ಮೂರು ಮೂರರ ಗುಚ್ಛವಾಗಿ ನಿಂತಿರುತ್ತದೆ. ರಕ್ಷಣೆ ಕೊಡುವ ಪ್ರತಿಕಾಯಗಳು ಮೂಡುವುದು ಈ ಸಹಜ ಆಕಾರಕ್ಕೆ. ಲಸಿಕೆ ಬಿಸಿಗೆ ಸಿಕ್ಕರೆ ಅಥವಾ ನಿಷ್ಕ್ರಿಯಗೊಳಿಸಲು ಹಾಕುವ ಬೀಟಾ-ಪ್ರೊಪಿಯೊಲ್ಯಾಕ್ಟೋನ್ ಹೆಚ್ಚಾದರೆ ಪ್ರೋಟೀನ್ ಅಲ್ಲೇ ಇರುತ್ತದೆ, ಆಕಾರ ಮಾತ್ರ ಕೆಟ್ಟಿರುತ್ತದೆ. ಆದ್ದರಿಂದ ಪಾಲಿಕ್ಲೋನಲ್ ಸೀರಮ್ ಅಥವಾ ಆಕಾರ ಕೆಟ್ಟರೂ ಉಳಿಯುವ ಪ್ರೋಟೀನಿನ ನೇರ ತುಣುಕನ್ನು ಹಿಡಿಯುವ ಪ್ರತಿಕಾಯ ಬಳಸಿದ ಎಲೈಸಾ, ಕೆಟ್ಟ ಲಸಿಕೆಗೂ ಒಳ್ಳೆಯ ಅಂಕಿ ಕೊಟ್ಟುಬಿಡುತ್ತದೆ. ಕಿಟ್ ತಂದು ಒಟ್ಟು ಪ್ರತಿಜನಕ ಅಳೆದು ಪೊಟೆನ್ಸಿ ಎಂದು ಕರೆದ ಪ್ರಯತ್ನಗಳು ಬೀಳುವುದು ಇದರಿಂದಲೇ.

2012ರಲ್ಲಿ ಫ್ರಾನ್ಸಿನ ಆರ್ಕಶೋನ್‌ನಲ್ಲಿ ಸೇರಿದ ತಜ್ಞರ ಸಭೆಯ ನಂತರ ಅಂತರರಾಷ್ಟ್ರೀಯ ಗುಂಪೊಂದು ಹಲವು ಎಲೈಸಾಗಳನ್ನು ಹೋಲಿಸಿ ನೋಡಿತು. ಅಲ್ಲಿಂದ ಮುಂದೆ ಇಡಿಕ್ಯೂಎಂ (ಯುರೋಪಿಯನ್ ಫಾರ್ಮಾಕೋಪಿಯಾ ಹೊರತರುವ ಸಂಸ್ಥೆ) ನಡೆಸಿದ ಬಿಎಸ್‌ಪಿ148 ಸಹಯೋಗಿ ಅಧ್ಯಯನಕ್ಕೆ ಆಯ್ಕೆಯಾದದ್ದು ಈ ಜೋಡಿ: ಹಿಡಿಯಲು ಟಿಜೆಯು 1112-1, ಗುರುತಿಸಲು ಡಿ1-25. ಮೊದಲನೆಯದು ಜಿ ಪ್ರೋಟೀನಿನ ಪ್ರತಿಜನಕ ತಾಣ 2ನ್ನು, ಎರಡನೆಯದು ತಾಣ 3ನ್ನು ಹಿಡಿಯುತ್ತದೆ. ಎರಡು ಬೇರೆ ತಾಣಗಳು ಏಕಕಾಲಕ್ಕೆ ಸರಿಯಿದ್ದರೆ ಮಾತ್ರ ಬಣ್ಣ ಬರುತ್ತದೆ. ಲಸಿಕೆಗಳಲ್ಲಿ ಬಳಸುವ ಪಿಎಂ, ಪಿವಿ, ಫ್ಲೂರಿ ಎಲ್‌ಇಪಿ ತಳಿಗಳನ್ನು ಇದು ಗುರುತಿಸಬಲ್ಲದು.

ಸ್ವಂತ ಪ್ರತಿಕಾಯ ಬಳಸುವುದಾದರೆ ಮೂರು ಸಂಗತಿ ತೋರಿಸಿ. ಅದು ವೈರಸ್ಸನ್ನು ತಟಸ್ಥಗೊಳಿಸುತ್ತದೆ. ಕುದಿಸಿದ, ರಿಡ್ಯೂಸ್ ಮಾಡಿದ ಜಿ ಪ್ರೋಟೀನಿಗೆ ಅಂಟುವುದಿಲ್ಲ. ನಿಮ್ಮ ತಳಿಯ ಜಿ ಪ್ರೋಟೀನಿಗೂ ರೆಫರೆನ್ಸ್‌ನ ತಳಿಯದಕ್ಕೂ ಸಮನಾಗಿ ಅಂಟುತ್ತದೆ. ಮೂರನೆಯದನ್ನು ಮರೆತರೆ ಮುಂದೆ ವಕ್ರರೇಖೆಗಳು ಸಮಾನಾಂತರವಾಗುವುದಿಲ್ಲ, ಕಾರಣ ಹುಡುಕುತ್ತಾ ತಿಂಗಳು ಕಳೆಯುತ್ತದೆ.

ಇನ್ನೊಂದು ಒಳಗುಟ್ಟು. ಸೋಂಕಿತ ಕೋಶಗಳು ವೈರಸ್ಸಿಗೆ ಅಂಟದ, ತುಂಡಾದ ಕರಗುವ ಜಿ ಪ್ರೋಟೀನನ್ನೂ ಬಿಡುತ್ತವೆ. ಎಲೈಸಾಗೆ ಅದು ಕಾಣಬಹುದು, ಆದರೆ ರಕ್ಷಣೆ ಕೊಡುವುದರಲ್ಲಿ ಅದು ವೈರಸ್ ಕಣದ ಮೇಲಿನ ಜಿ ಪ್ರೋಟೀನಿಗಿಂತ ಬಹಳ ಹಿಂದೆ. ಬಲ್ಕ್ ಮಾದರಿಯನ್ನು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯಲ್ಲೂ ತಳದ ಗಟ್ಟಿಯಲ್ಲೂ ಎಲೈಸಾ ಮಾಡಿ. ತಿಳಿಯಲ್ಲಿ ಗಣನೀಯ ಪಾಲು ಸಿಕ್ಕರೆ ಸರಿಮಾಡಬೇಕಾದದ್ದು ಶುದ್ಧೀಕರಣವನ್ನು, ಪರೀಕ್ಷೆಯನ್ನಲ್ಲ.

ಹೆಜ್ಜೆ 4: ಪ್ಲೇಟ್ ಮೇಲೆ

ಕೆಳಗಿನ ಪ್ರಮಾಣಗಳು ಶುರುಮಾಡಲು. ಕೋಟಿಂಗ್ (ಹಿಡಿಯುವ) ಮತ್ತು ಗುರುತಿನ ಪ್ರತಿಕಾಯದ ನಿಖರ ಸಾಂದ್ರತೆಯನ್ನು ನಿಮ್ಮ ಪ್ಲೇಟಿನಲ್ಲಿ ಚೆಕರ್‌ಬೋರ್ಡ್ ಮಾಡಿಯೇ (ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಬದಲಿಸಿ ನೋಡಿ) ನಿಗದಿಪಡಿಸಬೇಕು.

1. ಹಿಡಿಯುವ ಪ್ರತಿಕಾಯವನ್ನು ಪಿಎಚ್ 9.6ರ 0.05 ಮೋಲಾರ್ ಕಾರ್ಬೊನೇಟ್ ಬಫರ್‌ನಲ್ಲಿ ಪ್ರತಿ ಮಿ.ಲೀ.ಗೆ 0.5ರಿಂದ 2 ಮೈಕ್ರೋಗ್ರಾಂ ಆಗುವಂತೆ ಬೆರೆಸಿ, ವೆಲ್‌ಗೆ 100 ಮೈಕ್ರೋಲೀಟರ್ ಹಾಕಿ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ.

2. 0.05 ಶೇಕಡಾ ಟ್ವೀನ್ 20 ಇರುವ ಪಿಬಿಎಸ್‌ನಿಂದ ತೊಳೆದು, ಶೇ. 1ರ ಬಿಎಸ್‌ಎಯಿಂದ 37 ಡಿಗ್ರಿಯಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ.

3. ಒಣಪುಡಿ ಲಸಿಕೆಗೆ ಅದರದೇ ಡೈಲ್ಯೂಯೆಂಟ್ ಹಾಕಿ, ವಯಲನ್ನು ನಿಧಾನವಾಗಿ ಹೊರಳಿಸಿ ಕರಗಿಸಿ. ವೋರ್ಟೆಕ್ಸ್ ಬೇಡ, ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ.

4. ಹೊರಸುತ್ತಿನ 36 ವೆಲ್‌ಗಳಿಗೆ ಲಸಿಕೆಯ ಬದಲು ಬಫರ್ ಹಾಕಿ, ಬ್ಲ್ಯಾಂಕ್ ಅವುಗಳಿಂದಲೇ. ಒಳಗಿನ 60ರಲ್ಲಿ ಮೇಲಿಂದ ಕೆಳಗೆ ಎರಡೆರಡು ಪಟ್ಟಿನ 6 ಡೈಲ್ಯೂಷನ್, ಅಡ್ಡಕ್ಕೆ 10 ಕಾಲಂ: ರೆಫರೆನ್ಸ್‌ಗೆ 2, ಕಂಟ್ರೋಲ್ ಲಸಿಕೆಗೆ 2, ಮೂರು ಬ್ಯಾಚ್‌ಗೆ ತಲಾ 2. 37 ಡಿಗ್ರಿ, ಒಂದು ಗಂಟೆ.

5. ತೊಳೆದು ಬಯೋಟಿನ್ ಕಟ್ಟಿದ ಡಿ1-25 ಹಾಕಿ, ಒಂದು ಗಂಟೆ. ಮತ್ತೆ ತೊಳೆದು ಸ್ಟ್ರೆಪ್ಟಾವಿಡಿನ್-ಪೆರಾಕ್ಸಿಡೇಸ್, 30 ನಿಮಿಷ.

6. ಟಿಎಂಬಿ (ಬಣ್ಣ ಬರಿಸುವ ದ್ರವ) ಹಾಕಿ ಕತ್ತಲಲ್ಲಿ ಬಣ್ಣ ಬರಿಸಿ, ಸಲ್ಫ್ಯೂರಿಕ್ ಆಮ್ಲದಿಂದ ನಿಲ್ಲಿಸಿ, 450 ನ್ಯಾನೋಮೀಟರ್‌ನಲ್ಲಿ ಓದಿ.

ಅತಿ ಸಾಂದ್ರ ಡೈಲ್ಯೂಷನ್‌ನ ಓದು ಸುಮಾರು 2.5 ದಾಟದಂತೆ ಮೊದಲ ಡೈಲ್ಯೂಷನ್ ಹೊಂದಿಸಿಕೊಳ್ಳಿ. ಅದಕ್ಕಿಂತ ಮೇಲೆ ರೀಡರಿನ ಮಾತು ನಂಬುವುದು ಕಷ್ಟ, ರೇಖೆಯೂ ಮಲಗುತ್ತದೆ.

ಸಣ್ಣಪುಟ್ಟ ತಪ್ಪುಗಳು ಇಲ್ಲಿ ಬಹಳ. ಇಡೀ ಪ್ಲೇಟಿನಲ್ಲಿ ಬಣ್ಣವೇ ಬರಲಿಲ್ಲವೇ? ಯಾವುದೋ ಬಫರ್‌ನಲ್ಲಿ ಸೋಡಿಯಂ ಅಜೈಡ್ ಇದೆಯೇ ನೋಡಿ, ಅದು ಪೆರಾಕ್ಸಿಡೇಸನ್ನು ಸಾಯಿಸುತ್ತದೆ. ಬಯೋಟಿನ್ ಕಟ್ಟಿದ ಹೊಸ ಲಾಟ್ ದುರ್ಬಲವಾಗಿ ಕಂಡರೆ ಬಯೋಟಿನ್ ಅತಿಯಾಗಿ ಅಂಟಿ ಪ್ರತಿಕಾಯದ ಹಿಡಿತದ ಜಾಗವನ್ನೇ ಮುಚ್ಚಿರಬಹುದು. ಒಂದೇ ಕಾಲಂ ಎತ್ತರವಾಗಿದ್ದರೆ ವಾಶರಿನ ಸೂಜಿ ಕಟ್ಟಿಕೊಂಡಿದೆ. ಇನ್‌ಕ್ಯುಬೇಟರಿನಲ್ಲಿ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನವು ತಡವಾಗಿ ಬಿಸಿಯಾಗಿ ಕಡಿಮೆ ಓದು ಕೊಡುತ್ತವೆ, ಪೇರಿಸಬೇಡಿ. ಹೆಚ್ಚಿನ ಡೈಲ್ಯೂಷನ್‌ಗಳಲ್ಲಿ ರೇಖೆ ಇದ್ದಕ್ಕಿದ್ದಂತೆ ಕುಸಿದರೆ ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿದೆ: ಡೈಲ್ಯೂಯೆಂಟ್‌ನಲ್ಲಿ ಬಿಎಸ್‌ಎ ಇರಲಿ, ಕಡಿಮೆ ಅಂಟುವ ಟ್ಯೂಬ್ ಬಳಸಿ. ಟ್ರೈಟಾನ್‌ನಂಥ ಬಲವಾದ ಡಿಟರ್ಜೆಂಟ್ ಮಾದರಿಗೆ ತಾಗಿಸಲೇಬೇಡಿ. ಲಸಿಕೆಯಲ್ಲಿ ಸ್ಥಿರಕಾರಿಯಾಗಿ ಮಾನವ ಆಲ್ಬುಮಿನ್ ಇದ್ದು ರೆಫರೆನ್ಸ್‌ನಲ್ಲಿ ಇಲ್ಲದಿದ್ದರೆ, ಗೊತ್ತಿರುವ ಪ್ರಮಾಣದ ಪ್ರತಿಜನಕವನ್ನು ಖಾಲಿ ಸ್ಥಿರಕಾರಿಯಲ್ಲಿ ಬೆರೆಸಿ ಎಷ್ಟು ಮರಳಿ ಸಿಗುತ್ತದೆ ನೋಡಿ.

ಲೆಕ್ಕಕ್ಕೆ ಸಮಾನಾಂತರ ರೇಖೆಯ ಮಾದರಿ ಅಥವಾ ನಾಲ್ಕು ಪ್ಯಾರಾಮೀಟರ್ ವಕ್ರರೇಖೆ, ಎರಡೂ ಸರಿ. ಬೇರೆ ಬೇರೆ ದಿನ ಮಾಡಿದ ಕನಿಷ್ಠ ಮೂರು ಸ್ವತಂತ್ರ ಓಟಗಳ ಗುಣೋತ್ತರ ಸರಾಸರಿಯನ್ನು ವರದಿ ಮಾಡಬೇಕಾದ ಅಂಕಿಯಾಗಿ ಇಟ್ಟುಕೊಳ್ಳಿ. ಒಂದೇ ಪ್ಲೇಟಿನ ಎರಡು ಕಾಲಂ ಸ್ವತಂತ್ರ ಓಟವಾಗುವುದಿಲ್ಲ.

ಹೆಜ್ಜೆ 5: ಕೆಟ್ಟ ಲಸಿಕೆಯನ್ನು ಹಿಡಿಯುತ್ತದೆಂದು ತೋರಿಸಿ

ಒಳ್ಳೆಯ ಬ್ಯಾಚ್‌ಗಳನ್ನು ನೂರು ಸಲ ಅಳೆದರೂ ಪರೀಕ್ಷೆಯ ಯೋಗ್ಯತೆ ಸಾಬೀತಾಗುವುದಿಲ್ಲ. ಕೆಟ್ಟದ್ದನ್ನು ಬೇಕೆಂದೇ ತಯಾರಿಸಬೇಕು. ಒಣಪುಡಿ ರೇಬೀಸ್ ಲಸಿಕೆ ಗಟ್ಟಿಜೀವ: 37 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟ ಮೇಲೂ ಒಳ್ಳೆಯ ಬ್ಯಾಚ್ 2.5 ಐಯು ಮಿತಿಯ ಮೇಲಿರಬೇಕೆಂಬುದೇ ಅದರ ಉಷ್ಣ ಸ್ಥಿರತೆಯ ಷರತ್ತು. ಆದ್ದರಿಂದ ವಯಲನ್ನು ಹಾಗೇ ಬಿಸಿಗಿಟ್ಟು ವ್ಯತ್ಯಾಸ ಕಾಣಲಿಲ್ಲವೆಂದು ಎಲೈಸಾವನ್ನು ದೂರಬೇಡಿ. ಮೊದಲು ದ್ರವಮಾಡಿ, ಆಮೇಲೆ 56 ಡಿಗ್ರಿಯಲ್ಲಿ ಬೇರೆ ಬೇರೆ ಅವಧಿ ಇಟ್ಟು ಮಾದರಿ ತೆಗೆಯಿರಿ.

ಪೂರ್ತಿ ಕೆಟ್ಟದ್ದು ಸಿಕ್ಕ ಮೇಲೆ ಅದನ್ನು ಒಳ್ಳೆಯದರ ಜೊತೆ 25:75, 50:50, 75:25 ಪ್ರಮಾಣದಲ್ಲಿ ಬೆರೆಸಿ. ಎಲೈಸಾ ಅಂಕಿ ಈ ಬೆರಕೆಯನ್ನು ಸರಳರೇಖೆಯಂತೆ ಹಿಂಬಾಲಿಸಬೇಕು. ಪೂರ್ತಿ ಒಳ್ಳೆಯದು ಮತ್ತು ಪೂರ್ತಿ ಕೆಟ್ಟದ್ದರ ನಡುವೆ ವ್ಯತ್ಯಾಸ ತೋರಿಸುವುದು ಸುಲಭ. ನಿಯಂತ್ರಕರಿಗೆ ಬೇಕಾದದ್ದು ಗಡಿಯ ಆಚೀಚೆ ನಡೆಯುವುದೇನು ಎಂಬುದು. ಇದರ ಜೊತೆಗೆ ಬೀಟಾ-ಪ್ರೊಪಿಯೊಲ್ಯಾಕ್ಟೋನ್ ಹೆಚ್ಚಾಗಿ ಹಾಕಿದ ಮಾದರಿ, ಪ್ರತಿಜನಕ ಕಡಿಮೆ ತುಂಬಿಸಿದ ಮಾದರಿ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದ ಮಾದರಿ ಇರಲಿ. ಇವು ಮೂರೂ ಕಾರ್ಖಾನೆಯಲ್ಲಿ ನಿಜಕ್ಕೂ ಆಗಬಹುದಾದ ತಪ್ಪುಗಳು.

ಈ ಕೆಟ್ಟ ಮಾದರಿಗಳಲ್ಲಿ ಕೆಲವನ್ನು ಇಲಿಯಲ್ಲೂ ಒಮ್ಮೆ ನೋಡಬೇಕೆಂದು ಪ್ರಾಧಿಕಾರ ಕೇಳಬಹುದು. ಸ್ಪಷ್ಟವಾಗಿ ಕೆಟ್ಟದ್ದನ್ನು ಎರಡೂ ಪರೀಕ್ಷೆಗಳು ತಿರಸ್ಕರಿಸುತ್ತವೆಂದು ತೋರಿಸಿದರೆ ಸಾಕು ಎಂದು ಮೊದಲೇ ಮಾತಾಡಿಕೊಂಡು ಸಂಖ್ಯೆಯನ್ನು ಕನಿಷ್ಠಕ್ಕಿಳಿಸಿ.

ಹೆಜ್ಜೆ 6: ಇಲಿಯ ಅಂಕಿಗೆ ಎಲೈಸಾ ಅಂಕಿ ತಾಳೆಯಾಗಬೇಕೆಂಬ ಬಲೆಗೆ ಬೀಳಬೇಡಿ

ಬಹಳಷ್ಟು ಯೋಜನೆಗಳು ನಿಂತುಹೋಗುವುದು ಈ ಒಂದು ಗ್ರಾಫಿನಲ್ಲಿ: ಅಡ್ಡಕ್ಕೆ ಎನ್‌ಐಎಚ್ ಐಯು, ಉದ್ದಕ್ಕೆ ಎಲೈಸಾ. ಮೂವತ್ತು ಒಳ್ಳೆಯ ಬ್ಯಾಚ್‌ಗಳ ಮೂವತ್ತು ಚುಕ್ಕೆಗಳು, ಯಾವ ಸಂಬಂಧವೂ ಕಾಣದ ಒಂದು ಮೋಡ. ವರದಿಯಲ್ಲಿ "ಪರಸ್ಪರ ಸಂಬಂಧ ಇಲ್ಲ" ಎಂದು ಬರೆದು ಕಡತ ಮುಚ್ಚುತ್ತಾರೆ.

ಅಲ್ಲಿ ಸಂಬಂಧ ಕಾಣುವ ಸಾಧ್ಯತೆಯೇ ಇಲ್ಲ. ಸುಸ್ಥಿರ ಉತ್ಪಾದನೆಯಲ್ಲಿ ಬ್ಯಾಚ್‌ಗಳ ನಡುವಿನ ನಿಜವಾದ ವ್ಯತ್ಯಾಸ ಚಿಕ್ಕದು. ಇಲಿ ಪರೀಕ್ಷೆ ನಾಲ್ಕು ಪಟ್ಟು ಮೇಲೂ ಕೆಳಗೂ ಅಲುಗಾಡುತ್ತದೆ. ಆ ಅಲುಗಾಟದಲ್ಲಿ ಚಿಕ್ಕ ವ್ಯತ್ಯಾಸ ಮುಳುಗಿಹೋಗುತ್ತದೆ. ಮೋಡದ ಅಡ್ಡಗಲ ಇಲಿಯದು, ಎಲೈಸಾದ್ದಲ್ಲ. ಇದಲ್ಲದೆ ಎರಡೂ ಅಳೆಯುವುದು ಬೇರೆ ಬೇರೆಯನ್ನು: ಒಂದು ಇಲಿಯ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆಯನ್ನು, ಇನ್ನೊಂದು ಸರಿಯಾದ ಆಕಾರದ ಪ್ರತಿಜನಕದ ಮೊತ್ತವನ್ನು. ಯುರೋಪಿಯನ್ ಫಾರ್ಮಾಕೋಪಿಯಾದ 5.2.14ನೇ ಅಧ್ಯಾಯ ಇದನ್ನೇ ಹೇಳುತ್ತದೆ: ಪ್ರಾಣಿ ಪರೀಕ್ಷೆಯ ಏರಿಳಿತ ದೊಡ್ಡದಿರುವಾಗ ನೇರ ಹೋಲಿಕೆ ಅರ್ಥಪೂರ್ಣವಲ್ಲ, ಹೊಸ ವಿಧಾನ ಉತ್ಪನ್ನದ ಮುಖ್ಯ ಗುಣವನ್ನು ಅಳೆಯುತ್ತದೆ, ಕೆಟ್ಟದ್ದನ್ನು ಹಿಡಿಯುತ್ತದೆ, ಉತ್ಪಾದನೆಯ ಏಕರೂಪತೆಯನ್ನು ಕಾಯುತ್ತದೆ ಎಂದು ವೈಜ್ಞಾನಿಕವಾಗಿ ಸಮರ್ಥಿಸಿ. ನಿಮ್ಮ ದಾಖಲೆಯ ಮೊದಲ ಪುಟದಲ್ಲೇ ಈ ನಿಲುವನ್ನು ಬರೆಯಿರಿ. ಪರಸ್ಪರ ಸಂಬಂಧದ ಗ್ರಾಫ್ ಹಾಕಲೇಬೇಕಾದರೆ ಕೆಟ್ಟ ಮಾದರಿಗಳನ್ನೂ ಸೇರಿಸಿ ಹಾಕಿ. ಆಗ ಚುಕ್ಕೆಗಳು ಎರಡು ಗುಂಪಾಗಿ ಒಡೆಯುತ್ತವೆ.

ಹೆಜ್ಜೆ 7: ಪಾಸ್-ಫೇಲ್ ಮಿತಿ

ಎಲೈಸಾಗೂ 2.5 ಎಂದೇ ಮಿತಿ ಇಡುವ ಆಸೆ ಸಹಜ, ಸರಿಯಲ್ಲ. ಇಲಿಯ ಐಯು ಬೇರೆ, ಎಲೈಸಾದ ಮಾನ ಬೇರೆ. ಜನರಲ್ಲಿ ಕೆಲಸ ಮಾಡಿದ್ದೆಂದು ಗೊತ್ತಿರುವ ಬ್ಯಾಚ್‌ಗಳಿಂದ ಶುರುಮಾಡಿ: ಕ್ಲಿನಿಕಲ್ ಟ್ರಯಲ್‌ನಲ್ಲಿ ಬಳಸಿದವು, ಲಸಿಕೆ ಪಡೆದವರಲ್ಲಿ ಪ್ರತಿ ಮಿ.ಲೀ. ರಕ್ತಸಾರಕ್ಕೆ 0.5 ಐಯು ತಟಸ್ಥಕಾರಿ ಪ್ರತಿಕಾಯ ಮೂಡಿಸಿದ್ದಕ್ಕೆ ದಾಖಲೆ ಇರುವವು. ಈ ಪ್ರತಿಕಾಯ ಅಳೆಯುವ ಆರ್‌ಎಫ್‌ಎಫ್‌ಐಟಿ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆಯುತ್ತದೆ; ಅಲ್ಲಿನ ವಿಭಾಗ ರೇಬೀಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಅಂಥ ಬ್ಯಾಚ್‌ಗಳ ಉಳಿಕೆ ವಯಲ್‌ಗಳನ್ನು ಅಳೆದು, ಜೊತೆಗೆ ಇತ್ತೀಚಿನ ವಾಣಿಜ್ಯ ಬ್ಯಾಚ್‌ಗಳ ಹರಡುವಿಕೆಯನ್ನು ನೋಡಿ, ಶೆಲ್ಫ್ ಲೈಫ್ ಮುಗಿಯುವಾಗ ಕನಿಷ್ಠ ಎಷ್ಟಿರಬೇಕು ಎಂದು ಮೊದಲು ನಿರ್ಧರಿಸಿ. ಬಿಡುಗಡೆಯ ಮಿತಿ ಅದರ ಮೇಲೆ ಕೂರುತ್ತದೆ.

ಲೆಕ್ಕ ಹೀಗೆ. ಕಲ್ಪಿತ ಅಂಕಿಗಳೇ ಇರಲಿ: ಕೊನೆಯಲ್ಲಿ ಬೇಕಾದದ್ದು 3.0 ಮಾನ, ಶೆಲ್ಫ್ ಲೈಫ್‌ನಲ್ಲಿ ಶೇ. 10 ಇಳಿಕೆ, ಒಂದು ಓಟದ ಏರಿಳಿತ ಶೇ. 10, ವರದಿ ಮೂರು ಓಟಗಳ ಸರಾಸರಿ. ಇಳಿಕೆಗೆ 3.0ನ್ನು 0.9ರಿಂದ ಭಾಗಿಸಿದರೆ 3.33. ಮೂರು ಓಟದ ಸರಾಸರಿಯ ಒಂದು ಬದಿಯ ಶೇ. 95 ಅನಿಶ್ಚಿತತೆ ಸುಮಾರು ಶೇ. 9.5. ಬಿಡುಗಡೆಯ ಮಿತಿ 3.65. ಎಲೈಸಾದ ಏರಿಳಿತ ಕಡಿಮೆಯಿರುವುದರಿಂದ ಈ ಅಂತರ ಕಿರಿದು. ಇದೇ ಲೆಕ್ಕವನ್ನು ಇಲಿ ಪರೀಕ್ಷೆಗೆ ಹಾಕಿದರೆ ಯಾವ ಬ್ಯಾಚೂ ಬಿಡುಗಡೆಯಾಗುವುದಿಲ್ಲ. ಮೇಲಿನ ಮಿತಿಯೂ ಇರಲಿ. ಅಂಕಿ ಅಸಹಜವಾಗಿ ಏರಿದರೆ ತುಂಬುವ ಯಂತ್ರದಲ್ಲಿ ಅಥವಾ ಶುದ್ಧೀಕರಣದಲ್ಲಿ ಏನೋ ಬದಲಾಗಿದೆ.

ಹೆಜ್ಜೆ 8: ವ್ಯಾಲಿಡೇಷನ್ ಮತ್ತು ಕಡತ

ವ್ಯಾಲಿಡೇಷನ್‌ಗೆ (ವಿಧಾನ ನಂಬಲರ್ಹವೆಂದು ಸಾಬೀತುಪಡಿಸುವುದಕ್ಕೆ) ಐಸಿಎಚ್ ಕ್ಯೂ2(ಆರ್2) ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹಾದಿ. ಎರಡು ವಿಶ್ಲೇಷಕರು, ಎರಡು ರೀಡರ್, ಕನಿಷ್ಠ ಎರಡು ಲಾಟ್ ಕೋಟಿಂಗ್ ಪ್ರತಿಕಾಯ ಸೇರಿದ ವಿನ್ಯಾಸವಾದರೆ ನಿಖರತೆಯ ಬಹುಪಾಲು ಪ್ರಶ್ನೆ ಮುಗಿಯುತ್ತದೆ.

ಕಡತದ ವಿಷಯಕ್ಕೆ ಬಂದರೆ, ಇಂಡಿಯನ್ ಫಾರ್ಮಾಕೋಪಿಯಾದ ಸಾಮಾನ್ಯ ಸೂಚನೆಗಳು ವ್ಯಾಲಿಡೇಟ್ ಮಾಡಿದ ಪರ್ಯಾಯ ವಿಧಾನಕ್ಕೆ ಜಾಗ ಕೊಡುತ್ತವೆ, ಆದರೆ ವಿವಾದ ಬಂದಾಗ ಮೊನೊಗ್ರಾಫಿನ (ಆ ಲಸಿಕೆಗೆಂದೇ ಫಾರ್ಮಾಕೋಪಿಯಾದಲ್ಲಿರುವ ಪಠ್ಯ) ವಿಧಾನವೇ ಅಂತಿಮ. ಬಿಡುಗಡೆಯ ಪೊಟೆನ್ಸಿ ವಿಧಾನ ಬದಲಿಸುವುದು ಸಣ್ಣ ಬದಲಾವಣೆಯಲ್ಲ. ಸಿಡಿಎಸ್‌ಸಿಒ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ) ಮುಂದೆ ಅನುಮತಿ ನಂತರದ ದೊಡ್ಡ ಬದಲಾವಣೆಯೆಂದೇ ಪೂರ್ವಾನುಮತಿಗೆ ಹೋಗಿ. ಅರ್ಜಿ ಹಾಕುವ ಮುನ್ನವೇ ಕಸೌಲಿಯ ಸೆಂಟ್ರಲ್ ಡ್ರಗ್ಸ್ ಲ್ಯಾಬೊರೇಟರಿಯನ್ನು ಸೇರಿಸಿಕೊಳ್ಳಿ. ಸರ್ಕಾರಿ ಲ್ಯಾಬಿನಲ್ಲಿ ಆ ಎಲೈಸಾ ನಡೆಯದಿದ್ದರೆ ಬಿಡುಗಡೆಗೆ ಇಲಿ ಪರೀಕ್ಷೆ ಅಲ್ಲಿ ಮುಂದುವರಿಯಬಹುದು, ನೀವು ಉಳಿಸಿದ ಇಲಿ ಇನ್ನೊಂದು ಕಟ್ಟಡದಲ್ಲಿ ಸಾಯುತ್ತದೆ. ಪ್ರತಿಕಾಯ, ರೆಫರೆನ್ಸ್, ಕೆಟ್ಟ ಮಾದರಿಯ ಒಂದು ಕಟ್ಟು, ಎಸ್‌ಒಪಿ ಕಳುಹಿಸಿ, ಗುಟ್ಟಾದ ಸಂಕೇತವಿರುವ ಮಾದರಿಗಳನ್ನು ಎರಡೂ ಕಡೆ ಅಳೆದು ಫಲಿತಾಂಶ ಹೋಲಿಸಿ.

ಎರಡೂ ಪರೀಕ್ಷೆಗಳನ್ನು ಜೊತೆಜೊತೆಗೆ ಓಡಿಸುವ ಅವಧಿಗೆ ಲಿಖಿತ ನಿಯಮ ಮೊದಲೇ ಇರಲಿ. ಎಷ್ಟು ಬ್ಯಾಚ್, ಆ ಅವಧಿಯಲ್ಲಿ ಯಾವುದು ಅಧಿಕೃತ, ಒಂದು ಪಾಸಾಗಿ ಇನ್ನೊಂದು ಫೇಲಾದರೆ ಏನು. ಅನುಮತಿಗೆ ಮುನ್ನ ಇಲಿಯದು ಅಧಿಕೃತ, ಎಲೈಸಾ ಮಾಹಿತಿಗೆ ಮಾತ್ರ; ಅನುಮತಿಯ ನಂತರ ಎಲೈಸಾ ಅಧಿಕೃತ, ಇಲಿ ಇಲ್ಲ. "ಎರಡೂ ಪಾಸಾಗಬೇಕು" ಎಂಬ ಷರತ್ತಿಗೆ ಅಂತಿಮ ದಿನಾಂಕವಿಲ್ಲದೆ ಒಪ್ಪಿಕೊಂಡರೆ ಇಲಿಗಳೂ ಉಳಿಯುವುದಿಲ್ಲ, ಕೆಲಸವೂ ಇಮ್ಮಡಿ.

ರಫ್ತು ಮಾಡುವವರಿಗೆ ಇನ್ನೊಂದು ಸಂಕಟ: ಒಂದು ದೇಶ ಎಲೈಸಾ ಒಪ್ಪುತ್ತದೆ, ಇನ್ನೊಂದು ಇಲಿಯನ್ನೇ ಕೇಳುತ್ತದೆ. ಎಲ್ಲರೂ ಒಪ್ಪಲಿ ಎಂದು ಕಾಯಬೇಡಿ. ಹೋಗುವ ದೇಶಕ್ಕೆ ತಕ್ಕಂತೆ ಬ್ಯಾಚ್‌ಗಳನ್ನು ಗುಂಪುಮಾಡಿ, ಇಲಿ ಕೇಳುವ ದೇಶಗಳಿಗೆ ಹೋಗುವ ಬ್ಯಾಚ್‌ಗಳನ್ನಷ್ಟೇ ಒಟ್ಟಿಗೆ ಒಂದೇ ರೆಫರೆನ್ಸ್ ಗುಂಪಿನೊಂದಿಗೆ ಪರೀಕ್ಷಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಇರುವ ಲಸಿಕೆಯಾದರೆ ಬದಲಾವಣೆಯನ್ನು ಅಲ್ಲಿಯೂ ಸಲ್ಲಿಸಿ. ಕೊಳ್ಳುವ ದೇಶಗಳನ್ನು ಒಪ್ಪಿಸಲು ಅದು ನೆರವಾಗುತ್ತದೆ.

ಹೆಜ್ಜೆ 9: ಅನುಮತಿ ಬಂದ ಮೇಲೆ

ಇಲಿ ಕೊಳ್ಳಲು ಸಿಗುತ್ತದೆ, ನಿಮ್ಮ ಮಾನೋಕ್ಲೋನಲ್ ಸಿಗಲಿಕ್ಕಿಲ್ಲ. ಆ ಪ್ರತಿಕಾಯ ಉತ್ಪಾದಿಸುವ ಹೈಬ್ರಿಡೋಮಾ ಕೋಶಗಳ ಮಾಸ್ಟರ್ ಬ್ಯಾಂಕನ್ನು ಎರಡು ಊರುಗಳಲ್ಲಿ ದ್ರವ ಸಾರಜನಕದಲ್ಲಿಡಿ. ಪ್ರತಿಕಾಯದ ಜೀನ್ ಅನುಕ್ರಮ ಓದಿಸಿಟ್ಟುಕೊಳ್ಳಿ, ಕೋಶ ಸತ್ತರೂ ರಿಕಾಂಬಿನೆಂಟ್ ಆಗಿ ಮತ್ತೆ ಮಾಡಬಹುದು. ಹೈಬ್ರಿಡೋಮಾವನ್ನು ಇಲಿಯ ಹೊಟ್ಟೆಯಲ್ಲಿ ಬೆಳೆಸಿ ಅಸೈಟಿಸ್ ದ್ರವ ತೆಗೆಯುವ ಹಳೆಯ ಪದ್ಧತಿಯಲ್ಲಿ ಮಾಡಿದ ಪ್ರತಿಕಾಯ ಕೊಳ್ಳಬೇಡಿ. ಕೋಶ ಕೃಷಿಯಲ್ಲಿ ಮಾಡಿದ್ದನ್ನೇ ಕೇಳಿ, ಖರೀದಿ ಆದೇಶದಲ್ಲಿ ಬರೆಸಿ.

ಹೊಸ ಲಾಟ್ ಪ್ರತಿಕಾಯ ಅಥವಾ ಹೊಸ ರೆಫರೆನ್ಸ್ ಬಂದಾಗ ಹಳೆಯದರ ಜೊತೆ ಪಕ್ಕಪಕ್ಕ ಓಡಿಸಿ, ಕೆಟ್ಟ ಮಾದರಿಯನ್ನೂ ಸೇರಿಸಿ. ರೆಫರೆನ್ಸನ್ನು ಯಾವಾಗಲೂ ಮೊದಲನೆಯದಕ್ಕೆ ಕಟ್ಟಿ, ಹಿಂದಿನದಕ್ಕೆ ಮಾತ್ರ ಕಟ್ಟುತ್ತಾ ಹೋದರೆ ಪ್ರತಿ ಸಲದ ಸಣ್ಣ ತಪ್ಪು ಕೂಡಿಕೊಂಡು ಕೆಲವು ವರ್ಷಗಳಲ್ಲಿ ಮಿತಿಯೇ ಜರುಗಿರುತ್ತದೆ. ಕಂಟ್ರೋಲ್ ಲಸಿಕೆಯ ಅಂಕಿಯನ್ನು ಪ್ರತಿ ಓಟದಲ್ಲೂ ಚಾರ್ಟಿನಲ್ಲಿ ಗುರುತಿಸಿ. ಸತತ ಎಂಟು ಚುಕ್ಕೆಗಳು ಸರಾಸರಿಯ ಒಂದೇ ಬದಿಯಲ್ಲಿ ಬಿದ್ದರೆ ಮಿತಿಯೊಳಗಿದ್ದರೂ ಓಟ ನಿಲ್ಲಿಸಿ ಕಾರಣ ಹುಡುಕಿ. ಉತ್ಪಾದನಾ ಕೋಶದ ಬ್ಯಾಂಕ್ ಬದಲಾದಾಗ ಅಥವಾ ಶುದ್ಧೀಕರಣದ ಹೊಸ ಹಂತ ಬಂದಾಗ ಹಳೆಯ ಅಭ್ಯಾಸದಂತೆ "ಒಮ್ಮೆ ಇಲಿಯಲ್ಲೂ ನೋಡೋಣ" ಎಂಬ ಮಾತು ಸಭೆಯಲ್ಲಿ ಬರುತ್ತದೆ. ಅಂಥ ಬದಲಾವಣೆಗೆ ಬೇಕಾದದ್ದು ವೈರಸ್ ಕಣದ ಗಾತ್ರ, ಪ್ರೋಟೀನ್ ಪಟ್ಟಿಗಳು, ಕರಗುವ ಜಿ ಪ್ರೋಟೀನಿನ ಪಾಲು, ಎಲೈಸಾ ಮತ್ತು ಸ್ಥಿರತೆಯ ಹೋಲಿಕೆ. ಇವು ಯಾವುದಕ್ಕೂ ಇಲಿ ಉತ್ತರ ಕೊಡುವುದಿಲ್ಲವೆಂದು ಬದಲಾವಣೆ ನಿಯಂತ್ರಣದ ಎಸ್‌ಒಪಿಯಲ್ಲಿ ಈಗಲೇ ಬರೆದಿಡಿ.